ಎರಡು ಸಲ ಸತ್ತ ಮುತ್ತಜ್ಜ

2022ರ ಮೇ ತಿಂಗಳಲ್ಲಿ ಅಮೆರಿಕದಿಂದ ಒಬ್ಬ ಹುಡುಗ ಫೋನ್ ಮಾಡಿದ. ಹುಡುಗ ಅಂದರೆ ಮೂವತ್ತೆರಡು ವರ್ಷದವನು. ಅವನ ಅಪ್ಪ ನನಗೆ ಹಳೆಯ ಪರಿಚಯ. ಕ್ಷೇಮ ಸಮಾಚಾರ ಮುಗಿದ ಮೇಲೆ ಕೇಳಿದ: "ಸರ್, ನಮ್ಮ 1951ರ ಸೆನ್ಸಸ್ ಕಾಗದ ಎಲ್ಲಿ ಸಿಗ್ತಾವ? ನಮ್ಮ ಮುತ್ತಜ್ಜನ ಹೆಸರು ಅದರಾಗ ಐತೋ ಇಲ್ಲೋ ನೋಡಬೇಕಿತ್ತು."

ಅವನ ಆಫೀಸಿನವನೊಬ್ಬ ಹಿಂದಿನ ತಿಂಗಳು ತನ್ನ ತಾತನ ಮನೆಯನ್ನು ಅಲ್ಲಿಯ 1950ರ ಜನಗಣತಿಯಲ್ಲಿ ಹುಡುಕಿ ತೆಗೆದಿದ್ದನಂತೆ. ಬೀದಿ, ಮನೆ ನಂಬರು, ತಾತನ ಕೆಲಸ, ಎಲ್ಲಾ ಇತ್ತಂತೆ. ಅಮೆರಿಕದಲ್ಲಿ ಗಣತಿಯ ಮನೆಮನೆಯ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1950ರದ್ದು 2022ರ ಏಪ್ರಿಲ್ 1ಕ್ಕೆ ತೆರೆಯಿತು. ನಮ್ಮಲ್ಲೂ ಹಾಗೇ ಇರಬೇಕು ಅಂತ ಇವನ ಲೆಕ್ಕ.

ನಾನು ಕಂದಾಯ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಸವೆಸಿ ನಿವೃತ್ತನಾದವನು. ರಾಯಚೂರು, ಕೊಪ್ಪಳ ಎರಡೂ ಕಡೆ ರೆಕಾರ್ಡ್ ರೂಮಿನ ಧೂಳು ಕುಡಿದಿದ್ದೇನೆ. ಈಗ ಇಂಥ ಹುಡುಕಾಟಕ್ಕೆ ಕೈ ಜೋಡಿಸುವುದು ಒಂದು ಚಟ. ಈ ಪ್ರಕರಣ ಎರಡು ವರ್ಷ ಹಿಡಿಯಿತು. ಎರಡೂ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು ಹೇಳುವುದಿಲ್ಲ. ಮುತ್ತಜ್ಜನ ಹೆಸರು ಹುಲಿಗೆಪ್ಪ ಎಂದಿಟ್ಟುಕೊಳ್ಳೋಣ. ಅದು ನಿಜವಾದ ಹೆಸರಲ್ಲ. ಆದರೆ ನಿಜ ಹೆಸರಿನಲ್ಲೂ ಇದೇ ತೊಡಕಿತ್ತು.

ಹಿನ್ನೆಲೆ

ಗಂಗಾವತಿ ಕಡೆ, ತುಂಗಭದ್ರೆಯ ದಂಡೆಯ ಒಂದು ಹಳ್ಳಿ. ಈಗ ಕೊಪ್ಪಳ ಜಿಲ್ಲೆ. 1997ರವರೆಗೆ ರಾಯಚೂರು ಜಿಲ್ಲೆ. 1948ರಲ್ಲಿ ನಿಜಾಮರ ಸೀಮೆ. ಹೊಳೆಯ ಆಚೆ ದಡದ ಕಂಪ್ಲಿ, ಹೊಸಪೇಟೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಅಂದರೆ ಮದ್ರಾಸ್ ಪ್ರಾಂತ್ಯ. ಹರಿಗೋಲಿನಲ್ಲಿ ಕೂತು ಅರ್ಧ ಗಂಟೆ ತೇಲಿದರೆ ರಾಜ್ಯವೇ ಬದಲಾಗುತ್ತಿತ್ತು. ಪೊಲೀಸರು, ಕಚೇರಿ, ಕಾಗದದ ಭಾಷೆ, ಎಲ್ಲಾ ಬೇರೆ.

ಮನೆಯಲ್ಲಿ ಹೇಳುತ್ತಿದ್ದ ಕಥೆ ಚಿಕ್ಕದು. ಹುಲಿಗೆಪ್ಪ 1948ರ ಮಳೆಗಾಲದಲ್ಲಿ, ರಜಾಕಾರರ ಹಾವಳಿ ಜೋರಾಗಿದ್ದಾಗ, ಹೊಳೆ ದಾಟಿ ಹೋದ. ಆಗ ಹಾಗೆ ದಾಟಿದವರು ಬಹಳ ಜನ. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಹೈದರಾಬಾದ್ ಸಂಸ್ಥಾನ ಸೇರ್ಪಡೆ ಆದ ಮೇಲೆ ಎಲ್ಲರೂ ವಾಪಸ್ ಬಂದರು. ಇವನು ಬರಲಿಲ್ಲ. ರಜಾಕಾರರು ಕೊಂದರು ಅಂತ ಒಬ್ಬರು, ಹರಿಗೋಲು ಮಗುಚಿತು ಅಂತ ಇನ್ನೊಬ್ಬರು. ಸತ್ತ ದಿನ ಗೊತ್ತಿಲ್ಲದ್ದರಿಂದ ಮಹಾಲಯ ಅಮಾವಾಸ್ಯೆಗೆ ಅವನ ಹೆಸರಲ್ಲಿ ಎಡೆ ಇಡುತ್ತಾರೆ. ಹುಡುಗ ಚಿಕ್ಕವನಿದ್ದಾಗಿನಿಂದ ಮುತ್ತಜ್ಜ ಹುತಾತ್ಮ ಅಂತಲೇ ಕೇಳಿ ಬೆಳೆದವನು.

ಬಿಟ್ಟು ಹೋದದ್ದು ಹೆಂಡತಿ, ಹದಿನಾರರ ಮಗ, ಎಂಟು ವರ್ಷದ ಮಗಳು. ಆ ಮಗಳೇ ಈ ಹುಡುಗನ ಅಜ್ಜಿ. ನಾವು ಶುರು ಮಾಡಿದಾಗ ಅವರಿಗೆ ಎಂಬತ್ತೆರಡು. ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪನನ್ನು ಕಂಡವರು ಅಂತ ಉಳಿದಿದ್ದು ಅಜ್ಜಿ ಒಬ್ಬರೇ. ಅವರಿಗೂ ನೆನಪಿದ್ದುದು ಎರಡು ಸಂಗತಿ. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸುತ್ತಿದ್ದ. ಊಟಕ್ಕೆ ಕೂತರೆ ಜೋಳದ ರೊಟ್ಟಿ, ಗುರೆಳ್ಳು ಪುಡಿ, ಮೇಲೆ ಹಸಿ ಎಣ್ಣೆ. ಬೇರೆ ಏನೂ ಬೇಕಾಗುತ್ತಿರಲಿಲ್ಲ.

ಜನಗಣತಿಯಲ್ಲಿ ಸಿಗದದ್ದು, ಸಿಕ್ಕಿದ್ದು

ಮೊದಲು ಹುಡುಗನ ಆಸೆಗೆ ತಣ್ಣೀರು ಎರಚಬೇಕಾಯಿತು. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿದಾರ ಬರೆದುಕೊಂಡ ಮನೆಯ ವಿವರವನ್ನು ಯಾರೂ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. 72 ವರ್ಷ, 100 ವರ್ಷ ಆದ ಮೇಲೆ ತೆರೆಯುವ ಪದ್ಧತಿಯೇ ನಮ್ಮಲ್ಲಿಲ್ಲ. ನಮ್ಮ ಗಣತಿಯಲ್ಲಿ ಲೆಕ್ಕ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.

"ಹಂಗಾದ್ರ ಸುಮ್ನೆ ಬಿಡೋದಾ ಸರ್?" ಅಂದ.

ಬಿಡುವ ಹಾಗೂ ಇರಲಿಲ್ಲ. ಜಿಲ್ಲಾ ಜನಗಣತಿ ಕೈಪಿಡಿಗಳು ಅಂತ ಇವೆ, 1951ರಿಂದ ಬಂದಿವೆ. ಅದರಲ್ಲಿ ಹೆಸರಿಲ್ಲ. ಆದರೆ ಊರೂರಿನ ಪಟ್ಟಿ ಇದೆ, ಮನೆ ಎಷ್ಟು, ಜನ ಎಷ್ಟು ಅಂತ ಇದೆ. ಆಗ ಅದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡೆವು ಅಷ್ಟೇ. ಒಂದು ವರ್ಷದ ಮೇಲೆ ಅದೇ ಪಟ್ಟಿ ಕೈ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ನಾನು ಕಳೆದ ನಾಲ್ಕು ತಿಂಗಳು

ಇಲ್ಲಿಂದ ಮುಂದೆ ತಪ್ಪು ನನ್ನದು. ಕಂದಾಯದವನಲ್ವಾ, ನೇರ ಜಮೀನಿನ ಕಾಗದಕ್ಕೆ ಕೈ ಹಾಕಿದೆ. ನಿಜಾಮರ ಕಾಲದ ದಫ್ತರ ಉರ್ದುವಿನಲ್ಲಿ. ಅದೂ ಶಿಕಸ್ತಾ, ಅಂದರೆ ಅಕ್ಷರ ಮುರಿದು ಓಡಿಸಿಕೊಂಡು ಬರೆದ ಕೈಬರಹ. ರಾಯಚೂರಿನ ಒಬ್ಬ ನಿವೃತ್ತ ಉರ್ದು ಮೇಷ್ಟ್ರನ್ನು ಕೂರಿಸಿಕೊಂಡೆ. ಅವರು ಒಂದು ಹೆಸರಿನ ಮೇಲೆ ಬೆರಳಿಟ್ಟು ಹೇಳಿದರು: "ಇದು ಹುಲಿಗಪ್ಪನೂ ಆಗಬಹುದು, ಹುಲುಗಪ್ಪನೂ ಆಗಬಹುದು, ಹಲಗಪ್ಪನೂ ಆಗಬಹುದು." ಉರ್ದುವಿನಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ. ಹುಲಿಗಿಯ ಹುಲಿಗೆಮ್ಮನ ಹೆಸರು ಹೊಳೆಯ ಎರಡೂ ದಡದಲ್ಲಿ ಮನೆಗೊಬ್ಬರಿಗೆ ಇರುತ್ತದೆ. ತಂದೆಯ ಹೆಸರು, ಸರ್ವೆ ನಂಬರು ಕೂಡಿಸಿ ನೋಡಿ ನಮ್ಮವನೇ ಅಂತ ಖಾತ್ರಿ ಮಾಡಿಕೊಂಡೆವು.

ಸಿಕ್ಕಿದ್ದು ಒಂದು ವಿರಾಸತ್, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಿದ ದಾಖಲೆ. ಖಾತೆದಾರ ಫೌತಿ, ಅಂದರೆ ಸತ್ತಿದ್ದಾನೆ, ಮಗನ ಹೆಸರಿಗೆ ಖಾತೆ. ಆದದ್ದು 1953ರಲ್ಲಿ. ಸತ್ತ ವರ್ಷ 1357 ಫಸಲಿ ಎಂದು ಬರೆದಿತ್ತು. ಫಸಲಿ ಅಂದರೆ ಕಂದಾಯ ಲೆಕ್ಕದ ವರ್ಷ. ಇಲ್ಲಿ ಒಂದು ಮಾತು, ಹುಡುಕುವವರಿಗೆ ಉಪಯೋಗ ಆದೀತು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿಗೆ, ಆಜುರ್ ತಿಂಗಳಿಂದ ಶುರು. ಮದ್ರಾಸಿನ ಫಸಲಿ ಜುಲೈ 1ಕ್ಕೆ ಶುರು. ಹಾಗಾಗಿ 1948ರ ಆಗಸ್ಟ್ ಈಚೆ ದಡದಲ್ಲಿ 1357, ಆಚೆ ದಡದಲ್ಲಿ 1358. ಒಂದೇ ಹೊಳೆ, ಒಂದೇ ದಿನ, ವರ್ಷ ಮಾತ್ರ ಬೇರೆ. ಇದು ಗೊತ್ತಿಲ್ಲದೆ ಇಡೀ ವರ್ಷದ ಕಾಗದ ವ್ಯರ್ಥ ತಿರುವಿದವರನ್ನು ನಾನು ಕಂಡಿದ್ದೇನೆ.

ಫೌತಿ ಸಿಕ್ಕಿದ ಕೂಡಲೇ ನಾನು ನಂಬಿಬಿಟ್ಟೆ. 1948ರಲ್ಲೇ ಸತ್ತ, ಈಚೆ ದಡದಲ್ಲೇ ಸತ್ತ ಅಂತ ತೀರ್ಮಾನ ಮಾಡಿ, ಆ ವರ್ಷದ ಕಾಗದಗಳನ್ನೇ ಜಾಲಾಡಿದೆ. ನಾಲ್ಕು ತಿಂಗಳು ಹೋಯಿತು. ನನ್ನ ನೌಕರಿಯಲ್ಲಿ ಎಷ್ಟು ಫೌತಿ ಬರೆದಿಲ್ಲ ನಾನು! ಪಂಚರು ನಾಲ್ಕು ಜನ ಬಂದು ಹೌದು ಸರ್ ಅಂದರೆ ಬರೆದದ್ದೇ. ಹೆಣ ನೋಡಿ ಬರೆದವರು ಯಾರು? ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತಿದ್ದಾನೆಂದು ಕಾನೂನು ಊಹಿಸುತ್ತದೆ, ಆದರೆ ಯಾವ ದಿನ ಸತ್ತ ಎಂದು ಊಹಿಸುವುದಿಲ್ಲ. ಇಲ್ಲಿ ಏಳು ವರ್ಷವೂ ಆಗಿರಲಿಲ್ಲ, ಐದೇ ವರ್ಷ. ಮಗನಿಗೆ ಇಪ್ಪತ್ತೊಂದು ತುಂಬಿತ್ತು, ಖಾತೆ ಬೇಕಿತ್ತು. ಊರ ಲೆಕ್ಕ ಬರೆಯುವ ಪಟ್ವಾರಿ ಯಾವುದೋ ಒಂದು ವರ್ಷ ಬರೆದ. ಇಷ್ಟು ಸರಳ ಸಂಗತಿ ನನಗೆ ಹೊಳೆಯಲಿಲ್ಲ.

138

2022ರ ಡಿಸೆಂಬರಿನಲ್ಲಿ ಹುಡುಗ ಸಂಕೋಚದಿಂದ ಹೇಳಿದ: "ಸರ್, ನಾನು ಹೋದ ವರ್ಷ ಡಿಎನ್‌ಎ ಟೆಸ್ಟ್ ಮಾಡಿಸೀನಿ. ಒಂದು ಮ್ಯಾಚ್ ಬಂದೈತಿ. ಹೇಳೋದಾ ಬ್ಯಾಡಾ ಅಂತ ಇದ್ದೆ."

ಇಂಥ ಕಿಟ್‌ಗಳು ಮೊದಲು ಒಂದು ಬಣ್ಣದ ನಕ್ಷೆ ಕೊಡುತ್ತವೆ. ಅವನಿಗೆ ದಕ್ಷಿಣ ಭಾರತ ಅಂತ ಬಂದಿತ್ತು. ಅದನ್ನು ಹೇಳಲು ಎಂಜಲು ಕಳಿಸಬೇಕಿತ್ತಾ! ಕೆಲಸಕ್ಕೆ ಬರುವುದು ಮ್ಯಾಚ್ ಪಟ್ಟಿ, ಅಂದರೆ ನಿಮ್ಮ ಡಿಎನ್‌ಎಯ ತುಂಡುಗಳು ಇನ್ನು ಯಾರಲ್ಲಿ ಇವೆ ಅನ್ನುವ ಪಟ್ಟಿ. ಅಳತೆ ಸೆಂಟಿಮಾರ್ಗನ್. ಇವನ ಪಟ್ಟಿಯಲ್ಲಿ ಎಲ್ಲರೂ ಹತ್ತಿಪ್ಪತ್ತರ ಆಸುಪಾಸಿನ ದೂರದವರು. ಒಬ್ಬಳು ಮಾತ್ರ 138. ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದ ಹುಡುಗಿ. ಇವನು ಬರೆದ ಪತ್ರಕ್ಕೆ ಏಳು ತಿಂಗಳಾದ ಮೇಲೆ ಎರಡು ಸಾಲು ಉತ್ತರ ಬಂದಿತ್ತು. ಅವಳ ತವರು ಹೊಸಪೇಟೆ ಕಡೆ. ಮುತ್ತಾತ ಡ್ಯಾಮ್ ಕಟ್ಟಲು ಬಂದವರು, ಹಿಂದಿನದು ಏನೂ ಗೊತ್ತಿಲ್ಲ.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಯಿತು. ಎಡ ದಡದ ಕೆಲಸ ಹೈದರಾಬಾದಿನದು, ಬಲ ದಡದ್ದು ಮದ್ರಾಸಿನದು. ಅದು ಸಿಮೆಂಟ್ ಕಾಂಕ್ರೀಟಿನ ಗೋಡೆಯಲ್ಲ, ಕಲ್ಲಿನ ಕಟ್ಟಡ. ಸಾವಿರಾರು ಕೈ ಬೇಕಿತ್ತು. ಊರು ಬಿಟ್ಟವನಿಗೆ, ಹೆಸರು ಕುಲ ಕೇಳದೆ ಕೆಲಸ ಕೊಡುವ ಜಾಗ ಆ ಕಾಲದಲ್ಲಿ ಅದಕ್ಕಿಂತ ಬೇರೆ ಇರಲಿಲ್ಲ.

ಹುಡುಗ ಆಗಲೇ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಲು ಹೊರಟಿದ್ದ. ತಡೆದೆ. 138 ಅಂದರೆ ಏನು? ಮುತ್ತಜ್ಜ ಒಬ್ಬನೇ, ಮುತ್ತಜ್ಜಿಯರು ಬೇರೆ ಬೇರೆ ಆದರೆ ಸರಾಸರಿ 120ರ ಹತ್ತಿರ ಬರುತ್ತದೆ. ಮುತ್ತಜ್ಜರು ಅಣ್ಣತಮ್ಮಂದಿರಾದರೆ ಸರಾಸರಿ 73, ಆದರೆ ಇನ್ನೂರು ದಾಟಿದ್ದೂ ಉಂಟು. ಅಂದರೆ 138 ಎರಡಕ್ಕೂ ಒಪ್ಪುತ್ತದೆ. ಹುಲಿಗೆಪ್ಪನಿಗೆ ಒಬ್ಬ ತಮ್ಮನಿದ್ದ. 1946ರಲ್ಲೇ ಸೊಲ್ಲಾಪುರದ ಮಿಲ್ಲಿಗೆ ಅಂತ ಹೋದವನು, ಅವನ ಸುದ್ದಿಯೂ ಇಲ್ಲ.

ಇನ್ನೊಂದು ತೊಡಕು ನಮ್ಮ ಸೋದರಿಕೆ. ಅಕ್ಕನ ಮಗಳನ್ನು ತರುತ್ತೇವೆ, ಸೋದರತ್ತೆಯ ಮಗಳನ್ನು ತರುತ್ತೇವೆ. ಈ ಹುಡುಗನ ಅಪ್ಪ ಅಮ್ಮನೇ ಸಂಬಂಧದಲ್ಲಿ ಮದುವೆಯಾದವರು. ಅಜ್ಜಿ ತನ್ನ ಅಣ್ಣನ ಮಗಳನ್ನೇ ಸೊಸೆಯಾಗಿ ತಂದಿದ್ದರು. ಹಾಗಾಗಿ ಹುಲಿಗೆಪ್ಪನ ರಕ್ತ ಹುಡುಗನಿಗೆ ಅಪ್ಪನಿಂದಲೂ ಬಂತು, ಅಮ್ಮನಿಂದಲೂ ಬಂತು. ಹೀಗಿದ್ದಾಗ ಅಂಕಿ ತಾನಾಗಿ ಉಬ್ಬುತ್ತದೆ. ವಿದೇಶದ ಕೋಷ್ಟಕ ಹಿಡಿದುಕೊಂಡು ನಮ್ಮ ಮನೆಗಳ ಲೆಕ್ಕ ಮಾಡಿದರೆ ದೂರದವರು ಹತ್ತಿರದವರಾಗಿ ಕಾಣುತ್ತಾರೆ.

ಫೋಟೋ

ಪ್ರಕರಣ ತಿರುಗಿದ್ದು ಕಚೇರಿಯಲ್ಲೂ ಅಲ್ಲ, ಲ್ಯಾಬಿನಲ್ಲೂ ಅಲ್ಲ. 2023ರ ಬೇಸಿಗೆಯಲ್ಲಿ ಅಜ್ಜಿಯ ಮನೆಗೆ ಹೋಗಿದ್ದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಗೋಡೆಯ ಮೇಲೆ ಅಜ್ಜಿಯ ಮದುವೆಯ ಫೋಟೋ, 1957ರದ್ದು, ಹಿಂದೆ ಸ್ಟುಡಿಯೋದವನು ತಾರೀಕು ಬರೆದಿದ್ದ. ಮದುಮಗಳ ಹಿಂದೆ ಅವಳ ಅವ್ವ ನಿಂತಿದ್ದಾಳೆ. ಒಂದು ಕೈ ಮಗಳ ಹೆಗಲ ಮೇಲೆ. ಆ ಕೈ ತುಂಬಾ ಬಳೆ. ಹಣೆಯಲ್ಲಿ ಕಾಸಿನಗಲದ ಕುಂಕುಮ.

ಕಾಗದದಲ್ಲಿ ಗಂಡ ಸತ್ತು ಒಂಬತ್ತು ವರ್ಷ.

ನಾನು ಕೇಳುವ ಪ್ರಶ್ನೆ ಅಲ್ಲ ಅದು. ಹುಡುಗನ ತಾಯಿ ಅರ್ಥ ಮಾಡಿಕೊಂಡು ಕೇಳಿದರು, "ಅತ್ತಿ, ಅವ್ವಾರು ಬಳಿ ತೆಗದಿದ್ದಿಲ್ಲೇನ್ರಿ?"

"ಎಲ್ಲಿ ತೆಗದಿದ್ಲು? ಊರು ಮಂದೆಲ್ಲ ಆಡಿಕೊಂಡ್ರು. ಹೆಣಾ ನೋಡದ ಬಳಿ ಒಡಿಯಾಂಗಿಲ್ಲ ಅಂತ ಕುಂತ್ಲು."

"ಕಡೀತನ ಹಾಕ್ಕೊಂಡಿದ್ರಾ?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ," ಅಂದರು. ಆಮೇಲೆ ನಿಧಾನಕ್ಕೆ ಬಂತು. ಚೊಚ್ಚಲ ಬಸುರಿಯಾಗಿದ್ದಾಗ ಕುಬುಸಕ್ಕೆ ಬಂದು ಹಸಿರು ಬಳೆ ತೊಡಿಸಿ ತವರಿಗೆ ಕರೆದುಕೊಂಡು ಹೋದವಳು ಅವ್ವನೇ. ದಸರೆ ಆಯಿತು. ಬನ್ನಿ ಕೊಟ್ಟು ನಮಸ್ಕಾರ ಮಾಡಿದಾಗ ಅವ್ವನ ಕೈಯಲ್ಲಿ ಬಳೆ ಇದ್ದವು. ದೀಪಾವಳಿಗೆ ಇನ್ನೂ ದಿನ ಇತ್ತು, ಒಂದು ಬೆಳಗ್ಗೆ ಎದ್ದು ಹಿತ್ತಲಿಗೆ ಹೋದರೆ ಬಾವಿ ಕಟ್ಟೆಯ ಮೇಲೆ ಗಾಜಿನ ಚೂರು. "ನೀರು ಸೇದುವಾಗ ಒಡದ್ವು ಅಂದ್ಲು. ಮತ್ತ ಹಾಕ್ಕೋಲಿಲ್ಲ. ತೊಟ್ಲು ಹಾಕಿದಾಗ ಮುಟ್ಟಲಿಲ್ಲ, ದೂರ ನಿಂತ್ಲು. ನಮ್ಮ ಅತ್ತಿಗಿ ತೂಗಿದ್ಲು. ಹುಣ್ಣಿಮಿಗೊಮ್ಮೆ ಹುಲಿಗಿಗೆ ಹೋಗ್ತಿದ್ಲು, ಅದನ್ನೂ ಬಿಟ್ಲು."

ಮಗು ಹುಟ್ಟಿದ್ದು ಯಾವಾಗ? ಆ ಮಗು ಅಂದರೆ ಹುಡುಗನ ಅಪ್ಪ. ಶಾಲೆಯ ದಾಖಲೆಯಲ್ಲಿ ಜೂನ್ 1. ನಮ್ಮ ಕಡೆ ಮೇಷ್ಟ್ರು ಎಲ್ಲರನ್ನೂ ಜೂನ್ 1ಕ್ಕೇ ಹುಟ್ಟಿಸಿದ್ದಾರೆ, ಅದನ್ನು ನಂಬುವ ಹಾಗಿಲ್ಲ. ಅಜ್ಜಿ ಬೇರೆ ಗುರುತು ಕೊಟ್ಟರು. "ಅಷ್ಟಗ್ರಹ ಕೂಡತಾವ, ಜಗತ್ತು ಮುಳುಗತೈತಿ ಅಂತ ಗದ್ದಲಾತಲ್ಲ, ಆಗ ಇವ ಎರಡೂವರಿ ತಿಂಗಳ ಕೂಸು. ಎದಿಗೆ ಅವಚಿಗೊಂಡು ಕುಂತಿದ್ದೆ."

ಅಷ್ಟಗ್ರಹ ಕೂಟ 1962ರ ಫೆಬ್ರವರಿ ಮೊದಲ ವಾರ. ಅಂದರೆ ಮಗು ಹುಟ್ಟಿದ್ದು 1961ರ ನವೆಂಬರ್ ಮಧ್ಯದಲ್ಲಿ. ಆ ವರ್ಷ ದಸರೆ ಅಕ್ಟೋಬರ್ ಮೂರನೇ ವಾರ, ದೀಪಾವಳಿ ನವೆಂಬರ್ ಎರಡನೇ ವಾರ. ನಡುವೆ ಮೂರೇ ವಾರ. ಅರವತ್ತೆರಡು ವರ್ಷ ಅಜ್ಜಿ ಆ ಚೂರುಗಳನ್ನೂ ಅಪ್ಪನನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಅವತ್ತು ಮಂಡಕ್ಕಿ ತಟ್ಟೆ ಮುಂದಿಟ್ಟುಕೊಂಡು ನೋಡಿದರು. "ಯಾರು ಬಂದು ಹೇಳಿರಬೇಕು?" ಅಂದರು, ಯಾರನ್ನೂ ಕೇಳುವ ಹಾಗಲ್ಲ.

ಮರಣ ಪುಸ್ತಕ

ಈಗ ಹುಡುಕುವುದು ಸುಲಭ. ಸುಲಭ ಅಂದರೆ ಮೂರು ವಾರಕ್ಕೆ ಇಳಿಯಿತು ಅಂತ. ಈಗಿನ ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೂ ಮುಂಚೆ ಬಳ್ಳಾರಿ ಕಡೆ 1899ರ ಮದ್ರಾಸ್ ಕಾಯ್ದೆ ಇತ್ತು, ಅದರಡಿ ಬರೆದ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿ ಇನ್ನೂ ಸಿಗುತ್ತವೆ. ಆದರೆ ಯಾವ ಊರಿನ ಪುಸ್ತಕ? ಆಸ್ಟ್ರೇಲಿಯಾದ ಹುಡುಗಿ ತನ್ನ ತಾತನನ್ನು ಕೇಳಿ ಒಂದು ಕೂಲಿ ಕ್ಯಾಂಪಿನ ಹೆಸರು ತಿಳಿಸಿದ್ದಳು. ಆ ಹೆಸರಿನ ಊರು ಈಗ ಇಲ್ಲ. 1961ರ ಕೈಪಿಡಿ ತೆಗೆದು ನೋಡಿದರೆ ಆ ವಸತಿ ಯಾವ ಊರಿನ ಲೆಕ್ಕಕ್ಕೆ ಸೇರಿತ್ತು ಅನ್ನುವುದು ಸಿಕ್ಕಿತು. ಜನಗಣತಿ ಕೊಟ್ಟದ್ದು ಇಷ್ಟೇ. ಇಷ್ಟೇ ಬೇಕಿತ್ತು.

ಪುಸ್ತಕ ತೆಗೆಸಲು ಅರ್ಜಿ ಹಾಕಿ ಎರಡು ತಿಂಗಳು ಓಡಾಡಿದೆ. ಮೊದಲ ಸಲ ಇಲ್ಲ ಅಂದರು, ಎರಡನೇ ಸಲ ಹುಳ ತಿಂದಿದೆ ಅಂದರು, ಮೂರನೇ ಸಲ ಒಬ್ಬ ಹೊಸ ಹುಡುಗಿ ಇದ್ದಳು, ಅವಳೇ ಕಪಾಟು ಹತ್ತಿ ತೆಗೆದುಕೊಟ್ಟಳು. 1961ರ ಅಕ್ಟೋಬರ್ ಕೊನೆಯ ವಾರದಲ್ಲಿ ಒಂದು ಸಾಲು. ಉಲುಗಪ್ಪ, ಗಂಡು, 55, ಕೂಲಿ. ತಂದೆಯ ಹೆಸರಿನ ಕಡೆ ಒಂದು ಗೀಟು.

ಬಳ್ಳಾರಿ ಸೀಮೆಯಲ್ಲಿ ಹಕಾರ ನಾಲಿಗೆಯ ಮೇಲೇ ಕರಗುತ್ತದೆ. ಬರೆದವನು ಕೇಳಿದ ಹಾಗೆ ಬರೆದಿದ್ದ. ಪ್ರತಿ ಕೊಟ್ಟಾಗ ಸಾವಿನ ಕಾರಣ ಇರಲಿಲ್ಲ. ಯಾರಿಗೆ ಕೊಡುವ ಪ್ರತಿಯಲ್ಲೂ ಕಾರಣ ತೋರಿಸಬಾರದು ಅಂತ 1969ರ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇದೆ. ಸಿಟ್ಟಾಗಬೇಡಿ, ಅದು ನಿಯಮ.

ನನಗೆ ಅಷ್ಟೇ ಸಾಕಿತ್ತು. ಹುಡುಗನಿಗೆ ಸಾಲಲಿಲ್ಲ. "ತಂದಿ ಹೆಸರಿಲ್ಲ ಸರ್. ಆ ಕಡೆ ಹುಲಿಗೆಪ್ಪಂದಿರು ಎಷ್ಟು ಮಂದಿ ಇರ್ತಾರ? ಮುತ್ತಜ್ಜನ ತಮ್ಮನ ಮಾತೇನು?" ಅವನು ಹೇಳಿದ್ದು ಸರಿ.

ಎಂಜಲು

ಮರಿಮಕ್ಕಳನ್ನು ಹೋಲಿಸಿದರೆ ಗೊಂದಲ, ಮಕ್ಕಳನ್ನೇ ಹೋಲಿಸಬೇಕು. ತಲೆಮಾರು ಇಳಿದಷ್ಟೂ ಪಾಲು ಅರ್ಧರ್ಧ ಆಗುತ್ತಾ ಹೋಗುತ್ತದೆ. ಹಾಗಾಗಿ ಬದುಕಿರುವ ಅತಿ ಹಿರಿಯರ ಪರೀಕ್ಷೆ ಮೊದಲು. ಈಚೆ ದಡದಲ್ಲಿ ಅಜ್ಜಿ. ಆಚೆ ದಡದಲ್ಲಿ ಆಸ್ಟ್ರೇಲಿಯಾ ಹುಡುಗಿಯ ತಾತ, 1954ರಲ್ಲಿ ಹುಟ್ಟಿದವರು.

ಮೊದಲು ನಾನೊಬ್ಬನೇ ಹೋಗಿ ಅವರನ್ನು ಕಂಡೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಅವರಿಗೆ ಅಪ್ಪ ಅಂದರೆ ದಿಕ್ಕಿಲ್ಲದೆ ಬಂದು ಮೇಸ್ತ್ರಿಯಾದವನು, ಒಬ್ಬಂಟಿ. ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದು ಜಮೀನಿನ ಮಾತು: "ಅವರಿಗೆ ನಮ್ಮ ಆಸ್ತಿ ಏನಾದ್ರೂ ಬೇಕಾ ಸಾರ್?" ಈಚೆ ದಡದಲ್ಲಿ ಅಜ್ಜಿಯ ಅಣ್ಣನ ಮಕ್ಕಳು ಕೇಳಿದ್ದೂ ಅದೇ ಪ್ರಶ್ನೆ, ಬೇರೆ ಶಬ್ದದಲ್ಲಿ. ಫಲಿತಾಂಶ ಏನೇ ಬಂದರೂ ಎರಡು ಮನೆಯ ಹಿರಿಯರಿಗೆ ಮಾತ್ರ ಮೊದಲು ಹೇಳುವುದು, ಆಮೇಲಿನದು ಅವರಿಷ್ಟ ಅಂತ ಮಾತಾಯಿತು.

ಅಜ್ಜಿಯದು ಬೇರೆ ತಕರಾರು. "ಎಂಜಲ ಊರು ದಾಟಸ್ತೀಯೇನೋ?" ಅಂತ ಮೊಮ್ಮಗನಿಗೆ ವಿಡಿಯೋ ಕಾಲಿನಲ್ಲಿ ಬೈದರು. ಕೊನೆಗೆ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿದರೆ ಸಾಕು ಅಂದ ಮೇಲೆ ಒಪ್ಪಿದರು. ಎಲೆ ಅಡಿಕೆ ಹಾಕಿದ ಬಾಯಿ. ಒಂದು ಹೊತ್ತು ಬಿಡಿಸಿ, ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ತೆಗೆದೆವು.

ಮೊದಲ ಪರೀಕ್ಷೆ ಒಂದು ಖಾಸಗಿ ಲ್ಯಾಬಿನಲ್ಲಿ, ಕಡಿಮೆ ದುಡ್ಡಿನದು. ತಂದೆ ಮಗ ಹೌದೋ ಅಲ್ಲವೋ ನೋಡಲು ಬಳಸುವ, ಇಪ್ಪತ್ತು ಚಿಲ್ಲರೆ ಗುರುತುಗಳನ್ನು ಹೋಲಿಸುವ ಪದ್ಧತಿ. ತಂದೆ ಮಕ್ಕಳಿಗೆ ಅದು ಗಟ್ಟಿ. ಒಂದೇ ತಂದೆ, ಬೇರೆ ತಾಯಿಯ ಮಕ್ಕಳಿಗೆ ಅದು ಸಾಲದು. ಉತ್ತರ ಬಂತು: ನಿರ್ಣಯಿಸಲಾಗದು. ತಾತ ಅಲ್ಲಿಗೆ ಕೈ ಮುಗಿದುಬಿಟ್ಟರು. "ದೇವರೇ ಬೇಡ ಅಂದ ಮೇಲೆ ಮುಗೀತು."

ಆಗ ಕೇಳಬೇಕಾದ ಪ್ರಶ್ನೆಯನ್ನು ನಾವು ಮೊದಲೇ ಕೇಳಬೇಕಿತ್ತು. ಆ ಮನೆಯಲ್ಲಿ ಹೆಣ್ಣುಮಗಳು ಇದ್ದಾರಾ? ಇದ್ದರು. ತಾತನ ಅಕ್ಕ, 1950ರಲ್ಲಿ ಹುಟ್ಟಿದವರು, ಮದುವೆಯಾಗಿ ಕಂಪ್ಲಿ ಕಡೆ ಇದ್ದರು.

ಯಾಕೆ ಹೆಣ್ಣುಮಗಳು ಅಂದರೆ, ಗಂಡಸಿನಲ್ಲಿ ಎಕ್ಸ್ ವರ್ಣತಂತು ಒಂದೇ. ಮಗನಿಗೆ ಅವನು ಕೊಡುವುದು ವೈ, ಮಗಳಿಗೆ ಎಕ್ಸ್. ಒಂದೇ ಇರುವುದರಿಂದ ಬೆರಕೆಯಾಗದೆ ಹೆಚ್ಚುಕಡಿಮೆ ಇಡಿಯಾಗಿ ಹೋಗುತ್ತದೆ. ಹಾಗಾಗಿ ಒಬ್ಬ ತಂದೆಯ ಹೆಣ್ಣುಮಕ್ಕಳು, ತಾಯಿ ಯಾರೇ ಇರಲಿ, ಒಂದು ಇಡೀ ಎಕ್ಸ್ ಹಂಚಿಕೊಂಡಿರುತ್ತಾರೆ. ತಂದೆಯರು ಅಣ್ಣತಮ್ಮ ಆಗಿದ್ದರೆ ಸಾಮಾನ್ಯವಾಗಿ ಅರ್ಧದಷ್ಟು, ಅದೂ ತುಂಡು ತುಂಡಾಗಿ ಹೊಂದುತ್ತದೆ. ಸೊಲ್ಲಾಪುರದ ತಮ್ಮನ ಅನುಮಾನಕ್ಕೆ ಇದಕ್ಕಿಂತ ನೇರ ಉತ್ತರ ಬೇರೆ ಇಲ್ಲ. ಅಜ್ಜಿ ಮತ್ತು ತಾತನ ನಡುವೆ ಮಾತ್ರ ನೋಡಿದ್ದರೆ ಈ ದಾರಿಯೇ ಇರಲಿಲ್ಲ. ಅಕ್ಕ ತಮ್ಮನಿಗೆ ಹೇಳದೆ ಮಾದರಿ ಕೊಟ್ಟರು. "ಅವನಿಗೆ ನಾನು ಹೇಳ್ಕೋತೀನಿ ಬಿಡಿ. ಅಪ್ಪ ಹೊಳೆ ನೋಡ್ತಾ ಕೂತಿರ್ತಿದ್ದ. ಯಾಕೆ ಅಂತ ಈಗ ಗೊತ್ತಾಗ್ಲಿ."

ಈ ಸಲ ಲಕ್ಷಾಂತರ ಬಿಂದು ಓದುವ ಚಿಪ್ ಪರೀಕ್ಷೆ. 2024ರ ಮಾರ್ಚಿನಲ್ಲಿ ಫಲಿತಾಂಶ. ಅಜ್ಜಿ ಮತ್ತು ಆ ಅಕ್ಕನ ನಡುವೆ 1,790 ಸೆಂಟಿಮಾರ್ಗನ್. ಬೇರೆ ತಾಯಿಯ ಅಕ್ಕತಂಗಿಯರ ಸರಾಸರಿ 1,750ರ ಹತ್ತಿರ, ಅಣ್ಣತಮ್ಮಂದಿರ ಮಕ್ಕಳದು 870ರ ಹತ್ತಿರ. ಎಕ್ಸ್ ಈ ತುದಿಯಿಂದ ಆ ತುದಿಯವರೆಗೆ, ಎಲ್ಲೂ ಕಡಿಯದೆ, ಹೊಂದಿತ್ತು.

ಆಮೇಲೆ

ವಕೀಲರೊಬ್ಬರಿಗೆ ತೋರಿಸಿದಾಗ ಅವರು ಬೇರೆಯೇ ಸಂಗತಿ ಎತ್ತಿದರು. 1948ರಲ್ಲಿ ಸತ್ತಿದ್ದರೆ ಮಗನಿದ್ದಾಗ ಮಗಳಿಗೆ ಪಾಲಿಲ್ಲ. 1961ರಲ್ಲಿ ಸತ್ತಿದ್ದರೆ 1956ರ ಜೂನ್ 17ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಅಪ್ಪನ ಪಾಲಿನಲ್ಲಿ ಮಗಳಿಗೂ ಹಕ್ಕಿತ್ತು. ಪಟ್ವಾರಿ ಬರೆದ ಒಂದು ವರ್ಷ ಅಜ್ಜಿಯ ಪಾಲನ್ನು ತಿಂದುಹಾಕಿತ್ತು. ಅಣ್ಣನಿಗೆ ಆಗ ಅದು ಗೊತ್ತಿರಲು ಸಾಧ್ಯವೇ ಇಲ್ಲ, ಆ ಕಾನೂನೇ ಇರಲಿಲ್ಲ. ಇದನ್ನು ಅಜ್ಜಿಗೆ ಹೇಳಬೇಕೋ ಬೇಡವೋ ಅಂತ ಮನೆಯಲ್ಲಿ ಎರಡು ದಿನ ಜಗಳ. ಹೇಳಬೇಕು ಅಂತ ನಾನು ಹಟ ಹಿಡಿದೆ. ಅವರ ಹಕ್ಕಿನ ಸಂಗತಿ ಅವರಿಂದಲೇ ಮುಚ್ಚಿಡುವುದು ನನಗೆ ಒಪ್ಪಿಗೆ ಇರಲಿಲ್ಲ. ಕೇಳಿ ಅಜ್ಜಿ ಅಂದರು: "ಆ ಹೊಲಾ ಅಣ್ಣ ಹದಿನಾರಕ್ಕ ನೊಗ ಹೊತ್ತು ಉತ್ತಾನ. ಬ್ಯಾಡ." ಅಣ್ಣನ ಮಕ್ಕಳು ಅವತ್ತಿನಿಂದ ಮತ್ತೆ ಮನೆಗೆ ಬರತೊಡಗಿದರು.

ಹುತಾತ್ಮ ಅನ್ನುವ ಮಾತು ಮನೆಯಲ್ಲಿ ಈಗ ಇಲ್ಲ. ಹುಡುಗನಿಗೆ ಅದೇ ಜಾಸ್ತಿ ನೋವಾಯಿತು. ಯಾಕೆ ವಾಪಸ್ ಬರಲಿಲ್ಲ ಅನ್ನುವುದಕ್ಕೆ ಕಾಗದವೂ ಇಲ್ಲ, ಡಿಎನ್‌ಎಯೂ ಹೇಳುವುದಿಲ್ಲ. ಹುಲಿಗಿಯ ಹುಣ್ಣಿಮೆಗೆ ಎರಡೂ ದಡದ ಜನ ಸೇರುತ್ತಾರೆ. ಮುತ್ತಜ್ಜಿ ಅಲ್ಲಿ ಯಾರನ್ನು ಕಾಣುತ್ತಿದ್ದಳು ಅಂತ ಹುಡುಗ ವಂಶವೃಕ್ಷದಲ್ಲಿ ಬರೆಯಲು ಹೊರಟಿದ್ದ. ಬರೆಯಬೇಡ ಅಂದೆ. ಪುರಾವೆ ಇಲ್ಲ. ಸತ್ತ ತಾರೀಕಿನ ಮುಂದೆ ಮಾತ್ರ ಎರಡೂ ಬರೆಸಿದ್ದೇನೆ: ಕಂದಾಯದ ಪ್ರಕಾರ 1357 ಫಸಲಿ, ಮರಣ ಪುಸ್ತಕದ ಪ್ರಕಾರ 1961. ಸುಳ್ಳು ದಾಖಲೆಯೂ ದಾಖಲೆಯೇ, ಅದನ್ನು ಅಳಿಸಬಾರದು.

ಇಬ್ಬರು ಹೆಣ್ಣುಮಕ್ಕಳು ಭೇಟಿಯಾಗಿದ್ದು ಆ ವರ್ಷದ ಮಹಾಲಯ ಅಮಾವಾಸ್ಯೆಗೆ. ಕಂಪ್ಲಿ ಕಡೆಯ ತಂಗಿ ಕಾರಿನಿಂದ ಇಳಿದು ಬಂದು ಕಾಲಿಗೆ ಬೀಳಲು ಹೋದರು, ಅಜ್ಜಿ ಬಿಡಲಿಲ್ಲ. ಎಡೆಗೆ ರೊಟ್ಟಿ, ಗುರೆಳ್ಳು ಪುಡಿ ಇಟ್ಟಿದ್ದರು, ಎಪ್ಪತ್ತು ವರ್ಷದಿಂದ ಇಡುತ್ತಿದ್ದ ಹಾಗೆ. ತಂಗಿ ನೋಡಿ, ಹೇಳಲೋ ಬೇಡವೋ ಅನ್ನುವ ಹಾಗೆ ಹೇಳಿದರು: "ಅಕ್ಕಾ, ನಮ್ಮನೇಲಿ ಅಪ್ಪ ರೊಟ್ಟಿ ಮುಟ್ತಾನೇ ಇರ್ಲಿಲ್ಲ. ಮೂರು ಹೊತ್ತೂ ಅನ್ನ."

ಅಜ್ಜಿ ಎಡೆಯನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು.

"ನಮ್ಮವ್ವ ರೊಟ್ಟಿ ಬಾಳ ದಪ್ಪ ಬಡೀತಿದ್ಲು," ಅಂದರು.